ಹಾಲಿನ ಲೆಕ್ಕ

ಮೊದಲ ಚುಕ್ಕಿ ಇಟ್ಟದ್ದು ಮಾರ್ಚಿನಲ್ಲಿ,
ಫ್ರಿಜ್ಜಿನ ಪಕ್ಕದ ಕ್ಯಾಲೆಂಡರಿನ ಮೇಲೆ,
ಪೆನ್ಸಿಲಿನಿಂದ, ಒತ್ತದೆ,
ಬೇಕೆಂದರೆ ಅಳಿಸಲು ಬರುವ ಹಾಗೆ.

ಅವತ್ತು ಡಂಡೀ ದಾಟಿ
ಟೇ ಸೇತುವೆ ಹತ್ತುವ ಮೊದಲು
ಇವರು ಕಾರು ನಿಧಾನ ಮಾಡಿ ಕಿಸೆ ತಡಕಿದರು:
'ಚಿಲ್ಲರ ಅದ ಏನು? ಸುಂಕದವ ಕಾಯಾಕತ್ಯಾನ.'
ಸುಂಕದ ಕಟ್ಟೆ ಕಿತ್ತು
ಹದಿನೈದು ವರ್ಷವಾದರೂ ಆಗಿರಬೇಕು.
ಹಿಂದಿನ ಲಾರಿ ಹಾರ್ನು ಬಾರಿಸಿತು. ನಾನು ನಕ್ಕೆ.
ಸುಂಕದವನೆದುರು ಸುಖದುಃಖ ಹೇಳಬಾರದಂತೆ.
ಇಲ್ಲಿ ಸುಂಕದವನೇ ಇಲ್ಲ,
ಇನ್ನು ಯಾರೆದುರು ಹೇಳಲಿ?

ಏಪ್ರಿಲಿನಲ್ಲಿ ನಾಲ್ಕು.
ಈ ಊರಿನವರೂ ನಮ್ಮ ಹಾಗೇ 'ಸರ್ಕಲ್' ಅನ್ನುತ್ತಾರೆ;
ಆ ಸರ್ಕಲ್ಲನ್ನು ಮೂರು ಸುತ್ತು ಹಾಕಿದರು,
ಗುಡಿ ಸುತ್ತಿದ ಹಾಗೆ, ಬಾಯಿ ಬಿಗಿಹಿಡಿದು.
ಬೌಲ್ಸ್ ಕ್ಲಬ್ಬಿನಲ್ಲಿ ಅಂಕ ಬರೆಯುವುದು ಬಿಟ್ಟರು,
'ಕಣ್ಣು ಮಂಜಾಗ್ಯಾವ' ಎಂದು.
ಕಣ್ಣಿನ ಡಾಕ್ಟರು ಏನೂ ಇಲ್ಲವೆಂದಳು.
ಎದುರುಮನೆಯ ಐಲ್ಸಾ ತಮಾಷೆ ಮಾಡಿದರೆ
ಎಲ್ಲರಿಗಿಂತ ಮೊದಲು ಮರುಮಾತು ಹೊಡೆಯುತ್ತಿದ್ದವರು
ಈಗ ನಮ್ಮ ಮುಖ ನೋಡಿ
ಅರ್ಧ ಉಸಿರು ತಡವಾಗಿ ನಗುತ್ತಾರೆ.

ಮೇ ತಿಂಗಳಲ್ಲಿ ಒಂದೂ ಇಡಲಿಲ್ಲ.
ಆಗಲಿಲ್ಲವೆಂದಲ್ಲ.

ಮೂವತ್ತೊಂದು ವರ್ಷ ಔಷಧದಂಗಡಿ ನಡೆಸಿದ ಕೈ ಅದು.
ಐದೈದೇ ಗುಳಿಗೆಯನ್ನು ಚಾಕುವಿನ ತುದಿಯಲ್ಲಿ ಎಳೆದು
ಗಿರಾಕಿಯ ಜೊತೆ ಮಳೆಯ ಮಾತಾಡುತ್ತಲೇ
ನೂರು ಎಣಿಸುತ್ತಿತ್ತು, ಒಂದೂ ತಪ್ಪದೆ.
ಜೂನಿನಲ್ಲಿ ತಮ್ಮದೇ ಬಿ.ಪಿ. ಮಾತ್ರೆಗಳನ್ನು
ವಾರದ ಡಬ್ಬಿಗೆ ತುಂಬಿದರು:
ಬುಧವಾರಕ್ಕೆ ಮೂರು, ಶುಕ್ರವಾರ ಖಾಲಿ.
ರಾತ್ರಿ ನಾನೇ ಎದ್ದು ಸರಿಮಾಡಿಟ್ಟೆ.
ನಾನು ಕಳ್ಳಿಯಾದದ್ದು ಹೀಗೆ.
ಮಗಳ ಫೋನು ಬಂದರೆ ಮೊದಲೇ ಕೂಗುತ್ತೇನೆ
'ಓಹೋ, ಗಂಗೋತ್ರಿನಾ!' ಎಂದು, ಇವರ ಕಿವಿಗೆ ಬೀಳಲೆಂದು.
ಲಟ್ಟಣಿಗೆಗೆ 'ಆ ಉರುಳೂದು' ಅಂದರೆ
ಕೇಳುವ ಮೊದಲೇ ಎತ್ತಿ ಕೊಡುತ್ತೇನೆ.
ಇವರ ಮಾತಿನ ತೂತಿಗೆಲ್ಲ
ನನ್ನ ನಾಲಿಗೆಯ ತೇಪೆ.

ಆಗಸ್ಟಿನ ಹೊತ್ತಿಗೆ ಚುಕ್ಕಿಗಳು
ರಂಗೋಲಿಗೆ ಆಗುವಷ್ಟಾದವು.
ಗೆರೆ ಎಳೆಯಲು ಮಾತ್ರ ಕೈ ಬರಲಿಲ್ಲ.
ಎಳೆದರೆ ಏನು ಮೂಡುತ್ತದೆಂದು ಗೊತ್ತಿತ್ತು.

ಒಂದು ಭಾನುವಾರ ಚಹದ ಲೋಟ ಹಿಡಿದು
ಕ್ಯಾಲೆಂಡರಿನ ಮುಂದೆ ನಿಂತರು.
'ಏನ ಇವು, ಚುಕ್ಕಿ?'
ಬಾಯಿಗೆ ಬಂದದ್ದು ತವರಿನ ಮಾತು:
'ಹಾಲಿನ ಲೆಕ್ಕ.'

ತುಸು ಹೊತ್ತು ಸುಮ್ಮನಿದ್ದು ಅಂದರು:
'ಹಾಲಿನವ ಬರೂದು ಬಿಟ್ಟು ಇಪ್ಪತ್ತು ವರ್ಷ ಆತು, ನೀಲಾ.
ಡಂಕನ್. ಎಡಗೈಯವ.
ಕಡೇ ದಿನ ಎರಡು ಬಾಟ್ಲಿ ಪುಕ್ಕಟ ಇಟ್ಟು ಹೋದ.
ಒಂದರ ಬಾಯಿ ಒಡದಿತ್ತು.'

ಎಲ್ಲ ನಿಜ. ಒಡೆದ ಬಾಯಿಯೂ ನಿಜ.

ಲೋಟ ಕೆಳಗಿಟ್ಟು ನನ್ನನ್ನು ನೋಡಿದರು,
ಅಂಗಡಿಯ ಕೌಂಟರಿನಾಚೆಯಿಂದ
ಚೀಟಿ ಹಿಡಿದು ನಡುಗುವವರನ್ನು ನೋಡುತ್ತಿದ್ದ ಹಾಗೆ.
ತಿಂಗಳುಗಳಿಂದ ಕಾಣದ ನೋಟ, ಅಷ್ಟು ಸ್ವಚ್ಛ.
'ಎಷ್ಟು ದಿನದಿಂದ ಹಿಂಗ?'
'ಮಾರ್ಚಿನಿಂದ' ಅಂದೆ.
'ಅಂಜಬ್ಯಾಡ. ಡಾಕ್ಟರಿಗೆ ತೋರಸೂಣು.
ನಾ ಬರ್ತೀನಿ ಜೊತಿಗೆ.'

ಸೋಮವಾರ ಫೋನು ಮಾಡಿದೆ.
ಯಾರ ಹೆಸರಿಗೆ ಎಂದು ಆ ಹುಡುಗಿ ಎರಡು ಸಲ ಕೇಳಿದಳು.
ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ
ಇವರು ಜೇಬಿನಿಂದ ಪೆನ್ನು ತೆಗೆದು
ಕ್ಯಾಲೆಂಡರಿನಲ್ಲಿ ಒಂದು ಚುಕ್ಕಿ ಇಟ್ಟರು,
ಕಾಗದದ ಹಿಂಬದಿಗೂ ಮೂಡುವಷ್ಟು ಒತ್ತಿ,
ನಾನು ಮರೆಯದಿರಲಿ ಎಂದು.

ಅವಳು ಹೇಳಿದ್ದು ಗುರುವಾರ.
ಇಟ್ಟದ್ದು ಬುಧವಾರಕ್ಕೆ.